ಚರ್ಚಿನ ದಾಖಲೆ ಪುಸ್ತಕ

ಚರ್ಚೆಂದೊಡನೆ ಗೋಪುರವೂ ಗಂಟೆಯೂ ಪ್ರಾರ್ಥನೆಯೂ ನಮ್ಮ ನೆನಪಿಗೆ ಬರುತ್ತವೆ. ಅದರ ಕಚೇರಿಯಲ್ಲಿ ಕುಳಿತು ಬರೆಯುವ ಗುಮಾಸ್ತರನ್ನು ನೆನೆಯುವವರು ವಿರಳ. ಕಾಣಿಕೆಯ ಲೆಕ್ಕ, ಪತ್ರವ್ಯವಹಾರ, ಕಟ್ಟಡದ ದುರಸ್ತಿಯ ಏರ್ಪಾಡು ಇವೆಲ್ಲ ಅವರ ಕೆಲಸಗಳೇ. ಇವೆಲ್ಲಕ್ಕಿಂತ ಹೆಚ್ಚಿನ ಹೊಣೆಯುಳ್ಳದ್ದು ಜ್ಞಾನಸ್ನಾನ, ವಿವಾಹ, ಶವಸಂಸ್ಕಾರಗಳ ದಾಖಲೆ ಪುಸ್ತಕಗಳ ಪಾಲನೆ.

ಈ ಪದ್ಧತಿ ಬಹಳ ಹಳೆಯದು. 1538ರಲ್ಲಿ ಇಂಗ್ಲೆಂಡಿನ ಅರಸ ಎಂಟನೆಯ ಹೆನ್ರಿಯ ಮಂತ್ರಿಯಾದ ಥಾಮಸ್ ಕ್ರಾಮ್‌ವೆಲ್ಲನು, ಪ್ರತಿಯೊಂದು ಚರ್ಚಿನಲ್ಲಿಯೂ ಇಂತಹ ಪುಸ್ತಕವಿರಬೇಕೆಂದು ಆಜ್ಞೆ ಮಾಡಿದನು. ಪಾದ್ರಿಯು ವಾರವಾರವೂ ಸಾಕ್ಷಿಗಳ ಎದುರಿನಲ್ಲಿ ಬರೆಯಬೇಕು. ಪುಸ್ತಕವನ್ನು ಎರಡು ಬೀಗಗಳ ಪೆಟ್ಟಿಗೆಯಲ್ಲಿಡಬೇಕು. ಒಂದು ಬೀಗದ ಕೈ ಪಾದ್ರಿಯ ಬಳಿ, ಮತ್ತೊಂದು ಚರ್ಚಿನ ಮೇಲ್ವಿಚಾರಕರ ಬಳಿ. ಹೀಗಾಗಿ ಯಾರೊಬ್ಬರೂ ತಾವೇ ಅದನ್ನು ತೆರೆಯುವಂತಿರಲಿಲ್ಲ.

ಇದರ ಫಲವನ್ನು ನೋಡಿರಿ. ಷೇಕ್ಸ್‌ಪಿಯರನು ಹುಟ್ಟಿದ ದಿನವನ್ನು ಖಚಿತವಾಗಿ ತಿಳಿಸುವ ಬರಹವಿಲ್ಲ. ಆದರೆ 1564ರ ಏಪ್ರಿಲ್ 26ರಂದು ಅವನಿಗೆ ಜ್ಞಾನಸ್ನಾನವಾಯಿತೆಂದು ಸ್ಟ್ರಾಟ್‌ಫರ್ಡಿನ ಚರ್ಚಿನ ಪುಸ್ತಕ ಹೇಳುತ್ತದೆ. ಆ ಶಿಶು ಮಹಾಕವಿಯಾಗುವನೆಂದು ಬರೆದವರಿಗೆ ತಿಳಿದಿರಲಿಲ್ಲ. ಊರಿನ ಇತರ ಮಕ್ಕಳಂತೆ ಅವನಿಗೂ ಒಂದೇ ಸಾಲು.

ನಮ್ಮ ದೇಶದಲ್ಲಿಯೂ 1872ರ ಕ್ರೈಸ್ತ ವಿವಾಹ ಕಾನೂನಿನಂತೆ ಮದುವೆಗಳನ್ನು ಪುಸ್ತಕದಲ್ಲಿ ದಾಖಲು ಮಾಡುತ್ತಾರೆ. ಮುಂದೊಂದು ದಿನ ವಿಧವೆಯ ಪಿಂಚಣಿಗೋ ಮಕ್ಕಳ ಆಸ್ತಿಯ ಹಕ್ಕಿಗೋ ಆ ಒಂದು ಸಾಲೇ ಆಧಾರವಾಗಬಹುದು. ಆಗ ಹೆಸರಿನ ಒಂದಕ್ಷರ ತಪ್ಪಿದ್ದರೂ ಅಲೆದಾಟ ಆ ಬಡವರಿಗೇ. ಆದುದರಿಂದ ಸರಿಯಾದ ಹೆಸರನ್ನು, ಸರಿಯಾದ ದಿನಾಂಕದೊಡನೆ, ಅಂದಂದೇ ಬರೆದಿಡುವುದು ಸಣ್ಣ ಕೆಲಸವಲ್ಲ.