ದುಡಿಯುವ ಬೆನ್ನಿಗೂ ಬೇಕು ಬಿಡುವು

ಮೊಳಕಾಲ್ಮುರಿನ ರೇಷ್ಮೆ ಸೀರೆಗೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆತಿದೆ. ಅದರ ಅಂಚು, ಸೆರಗುಗಳ ಸೊಬಗನ್ನು ಮೆಚ್ಚುವವರಿಗೆ ಕೊರತೆಯಿಲ್ಲ. ಅದನ್ನು ನೇಯುವ ಬೆನ್ನಿನ ಬಗ್ಗೆ ಯೋಚಿಸುವವರು ವಿರಳ. ಗುಂಡಿಮಗ್ಗದಲ್ಲಿ ಕಾಲುಗಳನ್ನು ಕುಣಿಯೊಳಗೆ ಇಳಿಬಿಟ್ಟು ಕುಳಿತ ನೇಕಾರ, ಎಳೆಯ ಮೇಲೆ ಕಣ್ಣಿಟ್ಟು ಗಂಟೆಗಟ್ಟಲೆ ಮುಂದಕ್ಕೆ ಬಾಗಿರುತ್ತಾನೆ. ಎಣ್ಣೆ ಗಿರಣಿಗಳಿಂದಾಗಿ ತೈಲ ನಗರಿ ಎನಿಸಿಕೊಂಡ ಪಕ್ಕದ ಚಳ್ಳಕೆರೆಯಲ್ಲಿ ಹಮಾಲರು ಮೂಟೆ ಹೊರುತ್ತಾರೆ. ಸುತ್ತಲಿನ ಶೇಂಗಾ ಹೊಲಗಳಲ್ಲಿ ಹೆಂಗಸರು ಸೊಂಟ ಬಗ್ಗಿಸಿ ಕಳೆ ಕೀಳುತ್ತಾರೆ. ಕಸುಬು ಬೇರೆ ಬೇರೆ, ನೋವು ಮಾತ್ರ ಒಂದೇ.

ಬೆನ್ನುಮೂಳೆಯ ಮಣಿಗಳ ನಡುವೆ ಡಿಸ್ಕ್ ಎಂದು ಕರೆಯಲಾಗುವ 23 ಮೆದು ಬಿಲ್ಲೆಗಳಿವೆ. ವಯಸ್ಕರಲ್ಲಿ ಇವುಗಳ ಒಳಭಾಗಕ್ಕೆ ರಕ್ತನಾಳಗಳ ನೇರ ಪೂರೈಕೆ ಇಲ್ಲ. ಸುತ್ತಲಿನಿಂದ ಒಸರುವ ಪೋಷಕಾಂಶಗಳೇ ಅವುಗಳ ಆಹಾರ, ಅದಕ್ಕೆ ದೇಹದ ಚಲನೆ ನೆರವಾಗುತ್ತದೆ. ಮುಂದಕ್ಕೆ ಬಾಗಿದಾಗ ಬಿಲ್ಲೆಯ ಮೇಲಿನ ಒತ್ತಡ ಹೆಚ್ಚುತ್ತದೆ. ಬಾಗಿದ ಭಂಗಿಯಲ್ಲೇ ಭಾರ ಎತ್ತಿದರೆ ಅದು ಇನ್ನಷ್ಟು ಏರುತ್ತದೆ. 2020ರಲ್ಲಿ ಜಗತ್ತಿನಾದ್ಯಂತ ಸುಮಾರು 61.9 ಕೋಟಿ ಜನರು ಸೊಂಟನೋವಿನಿಂದ ಬಳಲುತ್ತಿದ್ದರೆಂಬ ಅಂದಾಜಿದೆ.

ದಿನವಿಡೀ ದುಡಿಯುವವರಿಗೆ ವ್ಯಾಯಾಮವೇಕೆ ಎಂಬ ಪ್ರಶ್ನೆ ಸಹಜ. ದುಡಿಮೆಯು ದೇಹವನ್ನು ಒಂದೇ ದಿಕ್ಕಿಗೆ ಎಳೆಯುತ್ತದೆ. ವ್ಯಾಯಾಮ ಅದನ್ನು ಎದುರು ದಿಕ್ಕಿಗೆ ತರುತ್ತದೆ. ಅರ್ಧ ಗಂಟೆಗೊಮ್ಮೆ ಮಗ್ಗದಿಂದೆದ್ದು, ಸೊಂಟದ ಮೇಲೆ ಕೈಯಿಟ್ಟು ನಿಧಾನವಾಗಿ ಹಿಂದಕ್ಕೆ ಬಾಗುವುದು, ನಾಲ್ಕು ಹೆಜ್ಜೆ ನಡೆಯುವುದು ಸರಳ ಉಪಾಯ. ಭುಜಂಗಾಸನ, ಸೇತುಬಂಧಾಸನಗಳಂಥ ಅಭ್ಯಾಸಗಳು ಬೆನ್ನು, ಪೃಷ್ಠದ ಸ್ನಾಯುಗಳಿಗೆ ಬಲ ನೀಡುತ್ತವೆ. ಕಂಪ್ಯೂಟರಿನ ಮುಂದೆ ಕೂರುವ ನಗರವಾಸಿಗಳಿಗೂ ಇದೇ ಮಾತು ಅನ್ವಯಿಸುತ್ತದೆ.

ದಿನನಿತ್ಯದ ರೂಢಿಗಳೂ ಮುಖ್ಯ. ರಾತ್ರಿಯ ನಿದ್ರೆಯಲ್ಲಿ ಬಿಲ್ಲೆಗಳು ನೀರು ಹೀರಿ ಉಬ್ಬಿರುತ್ತವೆ. ಆದ್ದರಿಂದ ಎದ್ದೊಡನೆ ಬಗ್ಗಿ ಕಸ ಗುಡಿಸುವುದು, ತುಂಬಿದ ಕೊಡ ಎತ್ತುವುದು ಹಿತವಲ್ಲ. ಅರ್ಧ ಗಂಟೆಯಾದರೂ ತಾಳುವುದು ಲೇಸು. ಭಾರವನ್ನು ಮಂಡಿ ಮಡಿಸಿ, ಮೈಗೆ ಒತ್ತಿಕೊಂಡು ಎತ್ತಬೇಕು. ಎತ್ತಿದ ಮೇಲೆ ಸೊಂಟ ತಿರುಚದೆ ಪಾದಗಳನ್ನೇ ತಿರುಗಿಸಬೇಕು.

ನೋವು ಬಂದೊಡನೆ ಸೊಂಟಕ್ಕೆ ಪಟ್ಟಿ ಬಿಗಿಯುವವರು ಒಂದು ಅಂಶವನ್ನು ಗಮನಿಸಬೇಕು. ದೀರ್ಘಕಾಲದ ಸೊಂಟನೋವಿನ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೊರತಂದ ಮಾರ್ಗಸೂಚಿಯು ಪಟ್ಟಿಯನ್ನಾಗಲೀ ಎಳೆತದ ಚಿಕಿತ್ಸೆಯನ್ನಾಗಲೀ ವಾಡಿಕೆಯಾಗಿ ಬಳಸಲು ಶಿಫಾರಸು ಮಾಡುವುದಿಲ್ಲ. ವ್ಯಾಯಾಮ, ತಿಳಿವಳಿಕೆಗಳಿಗೆ ಒತ್ತು ನೀಡುತ್ತದೆ. ಆದರೆ ಕಾಲು ಮರಗಟ್ಟುವುದು, ಮೂತ್ರದ ಹಿಡಿತ ತಪ್ಪುವುದು ಮುಂತಾದ ಲಕ್ಷಣ ಕಂಡರೆ ತಡಮಾಡದೆ ವೈದ್ಯರನ್ನು ಕಾಣಬೇಕು. ಇದಲ್ಲದೆ, ಈ ಸೀಮೆಯ ಹಲವು ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಅಂಶ ಲೀಟರಿಗೆ 1.5 ಮಿಲಿಗ್ರಾಂ ಮಿತಿಯನ್ನು ಮೀರಿದೆ. ಅಂಥ ನೀರನ್ನು ವರ್ಷಗಟ್ಟಲೆ ಕುಡಿದರೆ ಬೆನ್ನುಮೂಳೆಯೇ ಸೆಟೆದುಕೊಳ್ಳಬಹುದು. ಅದಕ್ಕೆ ಶುದ್ಧ ನೀರಿನ ಪೂರೈಕೆಯೇ ಪರಿಹಾರ, ಆಸನವಲ್ಲ.

ಇಷ್ಟೆಲ್ಲ ತಿಳಿದರೂ ಸೀರೆಗಿಷ್ಟು, ಮೂಟೆಗಿಷ್ಟು ಎಂದು ಕೂಲಿ ಪಡೆಯುವವರಿಗೆ ಪ್ರತಿ ವಿರಾಮವೂ ಆದಾಯದ ಕಡಿತವೇ. ಒಬ್ಬ ವಯಸ್ಕ ಪುರುಷ ಹೊರುವ ಭಾರದ ಮಿತಿಯನ್ನು 55 ಕಿಲೋಗೆ ಇಳಿಸಬೇಕೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1967ರಲ್ಲೇ ಶಿಫಾರಸು ಮಾಡಿತ್ತು. ಗಾಯವಾಗುವಷ್ಟು ಭಾರ ಹೊರಿಸಬಾರದೆಂದು 1948ರ ಕಾರ್ಖಾನೆ ಕಾಯ್ದೆಯ 34ನೇ ಕಲಮು ಹೇಳಿತ್ತು. ಆದರೆ ಅದು ಕಾರ್ಖಾನೆಯ ಹೊಸಿಲು ದಾಟಿ ಹೊಲಕ್ಕಾಗಲೀ ಮನೆಯ ಮಗ್ಗಕ್ಕಾಗಲೀ ಬರಲಿಲ್ಲ. ಮಗ್ಗಕ್ಕೊಂದು ಒರಗುವ ಆಸನ ಮತ್ತು ಸಾಕಷ್ಟು ಬೆಳಕು, ಮೂಟೆ ಇಡಲು ಸೊಂಟದೆತ್ತರದ ಕಟ್ಟೆ, ನಿಂತು ಕಳೆ ತೆಗೆಯಬಲ್ಲ ಉದ್ದ ಹಿಡಿಯ ಸಲಕರಣೆ: ಇವಾವುವೂ ದುಬಾರಿಯಲ್ಲ. ಗಿರಣಿ ಮಾಲೀಕರು, ನೇಕಾರರ ಸಹಕಾರ ಸಂಘಗಳು, ಕೃಷಿ ಇಲಾಖೆ ಮನಸ್ಸು ಮಾಡಬೇಕಷ್ಟೆ. ಬೆನ್ನು ಬಾಗಿಸಿ ದುಡಿಯುವವರಿಗೆ ನೆಟ್ಟಗೆ ನಿಲ್ಲುವಷ್ಟು ಬಿಡುವನ್ನು ಕೂಲಿಯ ಲೆಕ್ಕದಲ್ಲೇ ಸೇರಿಸುವುದು ನ್ಯಾಯ.