ಮೂರು ಲಾರಿ ರೀಲು... ಸೀದಾ ನೀರಿಗೆ!

ಒಂದು ದೃಶ್ಯ ಕಣ್ಮುಂದೆ ತಂದುಕೊಳ್ಳಿ. 1970ರ ದಶಕದ ಆರಂಭ. ಮೂರು ಭಾರಿ ಲಾರಿಗಳು ಗೋದಾಮಿನ ಬಾಗಿಲಿಗೆ ಹಿಮ್ಮುಖವಾಗಿ ಬಂದು ನಿಲ್ಲುತ್ತವೆ. ಡಬ್ಬಿಗಟ್ಟಲೆ ಫಿಲಂ ಒಳಗೆ ಬೀಳುತ್ತದೆ. ಲಾರಿಗಳು ನ್ಯೂಜೆರ್ಸಿಯ ದಡಕ್ಕೆ ಹೋಗುತ್ತವೆ. ಅಲ್ಲಿ ಕಾದು ನಿಂತ ದೋಣಿಗೆ ಮಾಲು ಇಳಿಯುತ್ತದೆ. ದೋಣಿ ಲಿಬರ್ಟಿ ಪ್ರತಿಮೆಯ ಹತ್ತಿರ ಬಲಕ್ಕೆ ತಿರುಗಿ, ನ್ಯೂಯಾರ್ಕ್ ಕೊಲ್ಲಿಯ ನೀರಿಗೆ ಅಷ್ಟನ್ನೂ... ಗುಳುಂ!

ಇದು ಯಾವುದೋ ಕ್ರೈಂ ಚಿತ್ರದ ಕ್ಲೈಮ್ಯಾಕ್ಸ್ ಅಲ್ಲ ಸ್ವಾಮಿ. 1996ರಲ್ಲಿ ಲೈಬ್ರರಿ ಆಫ್ ಕಾಂಗ್ರೆಸ್ಸಿನವರ ಮುಂದೆ ನಟಿ ಎಡೀ ಆಡಮ್ಸ್ ಹೇಳಿದ ಸಂಗತಿ. ನೀರುಪಾಲಾದದ್ದು ಡುಮಾಂಟ್ ಎಂಬ ಟಿವಿ ನೆಟ್‌ವರ್ಕಿನ ಕಾರ್ಯಕ್ರಮಗಳು. ಕಾರಣ? ಕಂಪನಿ ಕೈ ಬದಲಾಗುತ್ತಿತ್ತು, ರೀಲುಗಳನ್ನು ತಂಪಾಗಿ ಕಾಪಾಡುವ ಖರ್ಚು ಯಾರಿಗೂ ಬೇಡವಾಗಿತ್ತು. ಅಷ್ಟೇ!

ಈ ಡುಮಾಂಟ್ ಯಾರು ಅಂತೀರಾ? ಆಲನ್ ಡುಮಾಂಟ್. ಹುಡುಗನಾಗಿದ್ದಾಗ ಪೋಲಿಯೋ ಬಂದು ಹಾಸಿಗೆ ಹಿಡಿದವನು. ಮಲಗಿದಲ್ಲೇ ರೇಡಿಯೋ ಬಿಚ್ಚಿ ಜೋಡಿಸಿ ಕಲಿತವನು. 1931ರಲ್ಲಿ ಮನೆಯಲ್ಲೇ ಪ್ರಯೋಗಶಾಲೆ ಹೂಡಿದ. ಆ ಕಾಲದ ಪಿಕ್ಚರ್ ಟ್ಯೂಬು ಕೆಲವು ಹತ್ತು ಗಂಟೆ ಉರಿದರೆ ಮುಗೀತು, ಢಂ! ಇವನು ಬಹುಕಾಲ ಬಾಳುವ ಟ್ಯೂಬು ಮಾಡಿದ. 1938ರಲ್ಲಿ ಟಿವಿ ಸೆಟ್ಟನ್ನೇ ಮಾರಾಟಕ್ಕಿಟ್ಟ. ಸೆಟ್ಟು ಕೊಂಡವನಿಗೆ ನೋಡೋಕೆ ಏನಾದರೂ ಬೇಕಲ್ಲ? ನ್ಯೂಯಾರ್ಕಿನಲ್ಲಿ ಕೇಂದ್ರ ಹಾಕಿದ. ತನ್ನ ಇನಿಷಿಯಲ್ಲನ್ನೇ ಇಟ್ಟು ಅದಕ್ಕೆ ಡಬ್ಲ್ಯುಎಬಿಡಿ ಎಂದ. ವಾಷಿಂಗ್ಟನ್ ಕೇಂದ್ರ ಡಬ್ಲ್ಯುಟಿಟಿಜಿ. ಅದು ಅವನ ಇಂಜಿನಿಯರ್ ಥಾಮಸ್ ಟಿ. ಗೋಲ್ಡ್‌ಸ್ಮಿತ್ ಹೆಸರು. (ಈ ಗೋಲ್ಡ್‌ಸ್ಮಿತ್ 1948ರಲ್ಲೇ ಟಿವಿ ಟ್ಯೂಬಿನ ಮೇಲೆ ಆಡುವ ಒಂದು ಆಟಕ್ಕೆ ಪೇಟೆಂಟ್ ಪಡೆದಿದ್ದ. ವಿಡಿಯೋ ಗೇಮ್ ಆಡುವ ಹುಡುಗರೇ, ಅಜ್ಜನಿಗೆ ಒಂದು ಸಲಾಂ ಹೊಡೀರಿ!) 1946ರಲ್ಲಿ ಎರಡು ಊರನ್ನೂ ತಂತಿಯಲ್ಲಿ ಜೋಡಿಸಿದ. ನೆಟ್‌ವರ್ಕ್ ಹುಟ್ಟಿತು.

ನೆಟ್‌ವರ್ಕ್ ವ್ಯವಹಾರ ನಮಗೆ ಹೊಸದೇನಲ್ಲ. ನೆಟ್‌ವರ್ಕ್ ಅಂದರೆ ನಮ್ಮ ಹಂಚಿಕೆದಾರ. ಊರೂರಿನ ಕೇಂದ್ರ ಅಂದರೆ ಥಿಯೇಟರ್. ಚಿತ್ರ ಎಷ್ಟೇ ಚೆನ್ನಾಗಿರಲಿ, ಥಿಯೇಟರ್ ಸಿಗದಿದ್ದರೆ ಡಬ್ಬಿಯಲ್ಲೇ ಕೊಳೆಯಬೇಕು. ಡುಮಾಂಟ್‌ಗೆ ಆದದ್ದೂ ಇದೇ. 1948ರಿಂದ 1952ರವರೆಗೆ ಸರ್ಕಾರದ ಎಫ್.ಸಿ.ಸಿ. ಹೊಸ ಕೇಂದ್ರಗಳಿಗೆ ಪರವಾನಗಿ ಕೊಡುವುದನ್ನೇ ನಿಲ್ಲಿಸಿಬಿಟ್ಟಿತು. ಎಷ್ಟೋ ಊರುಗಳಲ್ಲಿ ಒಂದೋ ಎರಡೋ ಕೇಂದ್ರ. ಅವು ಮೊದಲು ಎನ್.ಬಿ.ಸಿ., ಸಿ.ಬಿ.ಎಸ್. ಕಡೆಗೆ ವಾಲಿದವು. ರೇಡಿಯೋ ಕಾಲದಿಂದ ಬಂದ ನಂಟು ನೋಡಿ! ಡುಮಾಂಟ್‌ಗೆ ರೇಡಿಯೋ ಜಾಲವೇ ಇರಲಿಲ್ಲ. 1954ರ ಹೊತ್ತಿಗೆ ಅದರ ಅಂಗಸಂಸ್ಥೆಗಳು ಸುಮಾರು 200 ಎಂಬ ಲೆಕ್ಕವಿದೆ. ಆದರೆ ಬಹಳಷ್ಟು ಕೇಂದ್ರಗಳು ಬೇರೆಯವರ ಕಾರ್ಯಕ್ರಮ ಹಾಕಿ ಉಳಿದ ಸಮಯವನ್ನಷ್ಟೇ ಇವರಿಗೆ ಕೊಡುತ್ತಿದ್ದವು. ಮ್ಯಾಟಿನಿಗೂ ಗತಿಯಿಲ್ಲ, ಬರೀ ಮಾರ್ನಿಂಗ್ ಶೋ!

ಇನ್ನು ಮನೆಯೊಳಗಿನ ವಿಲನ್. ಬಂಡವಾಳಕ್ಕಾಗಿ ಡುಮಾಂಟ್ ಪ್ಯಾರಮೌಂಟ್ ಚಿತ್ರಸಂಸ್ಥೆಗೆ ಪಾಲು ಮಾರಿದ್ದ. ಒಬ್ಬ ಒಡೆಯನಿಗೆ ಐದೇ ಕೇಂದ್ರ ಎಂಬುದು ನಿಯಮ. ಪ್ಯಾರಮೌಂಟ್‌ಗೆ ಲಾಸ್ ಏಂಜಲೀಸ್ ಮತ್ತು ಶಿಕಾಗೋದಲ್ಲಿ ತನ್ನವೇ ಎರಡು ಕೇಂದ್ರಗಳಿದ್ದವು. ಎಫ್.ಸಿ.ಸಿ. ಆ ಎರಡನ್ನೂ ಡುಮಾಂಟ್ ಲೆಕ್ಕಕ್ಕೆ ಸೇರಿಸಿತು! ಹೀಗಾಗಿ ಇವನಿಗೆ ದಕ್ಕಿದ್ದು ಮೂರೇ. ದೊಡ್ಡ ಪರದೆಯವರು ಸಣ್ಣ ಪರದೆಯವನಿಗೆ ಮಾಡಿದ ಉಪಕಾರ ಇದು.

ಆ ಮೂರನೆಯದೇ ಪಿಟ್ಸ್‌ಬರ್ಗಿನ ಡಬ್ಲ್ಯುಡಿಟಿವಿ, ಚಿನ್ನದ ಮೊಟ್ಟೆ ಇಡುವ ಕೋಳಿ. ದೊಡ್ಡ ಊರು, ವರ್ಷಗಟ್ಟಲೆ ಅಲ್ಲಿದ್ದ ವಾಣಿಜ್ಯ ಕೇಂದ್ರ ಅದೊಂದೇ. ಅಲ್ಲಿ ಜಾಗ ಬೇಕೆಂದರೆ ಎನ್.ಬಿ.ಸಿ. ಆದರೂ ಡುಮಾಂಟ್ ಬಾಗಿಲು ತಟ್ಟಬೇಕು. ಆದರೆ ಸಾಲ ಕತ್ತಿಗೆ ಬಂದಾಗ ಅದನ್ನೇ ವೆಸ್ಟಿಂಗ್‌ಹೌಸ್ ಕಂಪನಿಗೆ 97.5 ಲಕ್ಷ ಡಾಲರಿಗೆ ಮಾರಿದರು. 1955ರಲ್ಲಿ ಅದು ಕೆಡಿಕೆಎ ಆಯಿತು. ಕೈಯಲ್ಲಿದ್ದ ಒಂದೇ ತುರುಪು ಎಲೆ ಹೋಯಿತು. 1956ರ ಆಗಸ್ಟ್ 6ರಂದು ಒಂದು ಬಾಕ್ಸಿಂಗ್ ಪಂದ್ಯ ತೋರಿಸಿ ಪರದೆ ಎಳೆದರು.

ತೋರಿಸಿದ್ದು ಕಡಿಮೆಯೇ? 'ಕ್ಯಾಪ್ಟನ್ ವಿಡಿಯೋ' ಎಂಬ ಆಕಾಶವೀರನ ಕಥೆ 1949ರಿಂದ 1955ರವರೆಗೆ ನೇರಪ್ರಸಾರವಾಯಿತು. ಸಾಮಾನು ಸರಂಜಾಮಿಗೆ ವಾರಕ್ಕೆ 25 ಡಾಲರ್ ಎಂದು ಹೇಳುತ್ತಾರೆ. ಆದರೂ 1951ರಲ್ಲಿ ಕೊಲಂಬಿಯಾ ಸಂಸ್ಥೆ ಅದನ್ನೇ ಸಿನಿಮಾ ಸೀರಿಯಲ್ ಮಾಡಿತು! ಬಿಷಪ್ ಫುಲ್ಟನ್ ಶೀನ್ ಕರಿಹಲಗೆ ಮುಂದೆ ನಿಂತು ಮಾತಾಡಿಯೇ ಎಮ್ಮಿ ಪ್ರಶಸ್ತಿ ಗೆದ್ದರು. ಕಪ್ಪು ಕಲಾವಿದೆ ಹೇಜಲ್ ಸ್ಕಾಟ್ 1950ರಲ್ಲಿ ತನ್ನದೇ ಕಾರ್ಯಕ್ರಮ ನಡೆಸಿದಳು. ಮೂಕಿ ಯುಗದ ತಾರೆ ಆನಾ ಮೇ ವಾಂಗ್ 1951ರಲ್ಲಿ ಇಲ್ಲೇ ಧಾರಾವಾಹಿಯ ನಾಯಕಿಯಾದಳು. ಸಿನಿಮಾದವರು ಆ ಚೀನೀ ಮುಖಕ್ಕೆ ಎಂಥ ಪಾತ್ರ ಕೊಡುತ್ತಿದ್ದರೆಂದು ಬಲ್ಲವರೇ ಬಲ್ಲರು. ಈ ಇಬ್ಬರ ಕಾರ್ಯಕ್ರಮಗಳ ಒಂದು ಕಂತೂ ಇಂದು ನೋಡಲು ಸಿಗುವುದಿಲ್ಲ.

ಹಾಸ್ಯನಟ ಜಾಕಿ ಗ್ಲೀಸನ್ ಕಥೆ ಬೇರೆ. ಅವನ 'ಹನಿಮೂನರ್ಸ್' 1951ರಲ್ಲಿ ಡುಮಾಂಟ್‌ನಲ್ಲೇ ಹುಟ್ಟಿತು. ಮರುವರ್ಷ ಸಿ.ಬಿ.ಎಸ್. ದುಡ್ಡು ತೋರಿಸಿ ಅವನನ್ನು ಎತ್ತಿಕೊಂಡು ಹೋಯಿತು. ಆಮೇಲೆ ಏನಾಯ್ತು ಗೊತ್ತಾ? 1955-56ರ ಆ 39 ಕಂತುಗಳನ್ನು ಸಿ.ಬಿ.ಎಸ್. ಚಿತ್ರೀಕರಿಸಿದ್ದು ಡುಮಾಂಟ್ ಕಂಪನಿ ತಯಾರಿಸಿದ 'ಎಲೆಕ್ಟ್ರಾನಿಕ್ಯಾಂ' ಎಂಬ ಕ್ಯಾಮರಾದಲ್ಲಿ! ಟಿವಿಯೂ ಫಿಲಮ್ಮೂ ಒಂದರಲ್ಲೇ. ಅದಕ್ಕೇ ಅವು ಇಂದಿಗೂ ಥಳಥಳ. ಡುಮಾಂಟ್‌ನ ಸ್ವಂತ ಕಾರ್ಯಕ್ರಮಗಳೋ, ಟಿವಿ ಪರದೆಗೇ ಕ್ಯಾಮರಾ ಹಿಡಿದು ತೆಗೆದ ಮಸುಕು ರೀಲುಗಳು. ಸಾವಿರಾರು ಕಂತುಗಳಲ್ಲಿ ಉಳಿದಿರುವುದು ಕೆಲವೇ ನೂರು.

ನನಗೆ ಇದು ಯಾಕೆ ಚುಚ್ಚುತ್ತದೆ, ಹೇಳಿಬಿಡ್ತೀನಿ. ಪಿಯುಸಿಗೆ ಶರಣು ಹೊಡೆದು ನಾನು ಸೇರಿದ್ದು ಒಂದು ಸಣ್ಣ ಊರಿನ ಕೇಬಲ್ ಚಾನೆಲ್ಲಿಗೆ. ಹೆಸರು ಬೇಡ. ಎರಡು ವರ್ಷ ಕ್ಯಾಮರಾ ಹೊತ್ತು ಜಾತ್ರೆ, ಕಬಡ್ಡಿ, ಕಂಪನಿ ನಾಟಕ ಎಲ್ಲ ಹಿಡಿದೆ. ಚಾನೆಲ್ ಮುಚ್ಚಿದ ದಿನ ಮಾಲೀಕರು ಕಂಪ್ಯೂಟರಿನ ಹಾರ್ಡ್ ಡಿಸ್ಕ್ ಅಳಿಸಿ ಮಾರಿದರು. ಕೇಳಿದ್ದಕ್ಕೆ, "ಅದರಲ್ಲಿ ಏನಿತ್ತೋ ಮಾರಾಯ?" ಎಂದರು. ಸಂಬಳ ಬಾಕಿಯಿತ್ತು, ಅದನ್ನೇ ಕೇಳಿ ಸುಮ್ಮನಾದೆ. ಈಗ ಅನ್ನಿಸುತ್ತೆ, ಸಂಬಳದ ಬದಲು ಆ ಡಿಸ್ಕನ್ನೇ ಕೇಳಬೇಕಿತ್ತು.

ಮೊನ್ನೆ ಬಸ್ ಸ್ಟ್ಯಾಂಡಿನಲ್ಲಿ ಕೂತು ಮೊಬೈಲಿನಲ್ಲಿ ಉಳಿದಿರುವ ಒಂದು 'ಕ್ಯಾಪ್ಟನ್ ವಿಡಿಯೋ' ನೋಡಿದೆ. ರಟ್ಟಿನ ಯಂತ್ರ, ಗಂಭೀರ ಮುಖ. ಪಕ್ಕದಲ್ಲಿದ್ದ ಹುಡುಗ ಬಗ್ಗಿ ನೋಡಿ ನಕ್ಕ. ಆಮೇಲೆ ಬಸ್ಸು ಬಂದರೂ ಏಳಲಿಲ್ಲ, "ಮುಂದೇನಾಯ್ತು ಅಣ್ಣಾ?" ಅಂದ.

ಅಂದ ಹಾಗೆ, ಮಾರದೆ ಉಳಿದ ಆ ಎರಡು ಕೇಂದ್ರಗಳು ಮೆಟ್ರೋಮೀಡಿಯಾ ಎಂಬ ಕಂಪನಿಯಾಗಿ ಬೆಳೆದು, 1986ರಲ್ಲಿ ರೂಪರ್ಟ್ ಮರ್ಡೋಕ್ ಕೈ ಸೇರಿದವು. ಫಾಕ್ಸ್ ನೆಟ್‌ವರ್ಕ್ ಶುರುವಾದದ್ದೇ ಅವುಗಳನ್ನಿಟ್ಟುಕೊಂಡು. ನ್ಯೂಯಾರ್ಕ್ ಕೇಂದ್ರದಿಂದ ಡುಮಾಂಟ್ ಇನಿಷಿಯಲ್ 1958ರಲ್ಲೇ ಅಳಿಸಿಹೋಯಿತು. ಡುಮಾಂಟ್ 1965ರಲ್ಲಿ ತೀರಿಕೊಂಡ. ವಾಷಿಂಗ್ಟನ್ ಕೇಂದ್ರ ಮಾತ್ರ ಇವತ್ತಿಗೂ ಡಬ್ಲ್ಯುಟಿಟಿಜಿ. ಯಜಮಾನನ ಹೆಸರು ಹೋಯಿತು, ಇಂಜಿನಿಯರ್ ಹೆಸರು ಉಳಿಯಿತು.