ಅಲುಗಾಡುವ ಕುರ್ಚಿಗೆ ಹೊಸ ಜೀವ

ಮಕ್ಕಳೇ, ನಿಮ್ಮ ಮನೆಯ ಅಟ್ಟದಲ್ಲೋ ಹಿತ್ತಿಲಿನಲ್ಲೋ ಹಳೆಯ ಮರದ ಕುರ್ಚಿಯೊಂದು ಮೂಲೆ ಸೇರಿರಬಹುದು. ಗುಜರಿ ಅಂಗಡಿಯಲ್ಲೂ ಇಂತಹವು ಕಡಿಮೆ ಬೆಲೆಗೆ ಸಿಗುತ್ತವೆ. 'ಇದನ್ನು ಒಲೆಗೆ ಹಾಕುವುದೇ ಸರಿ' ಎನ್ನುವ ಮೊದಲು ಒಮ್ಮೆ ಪರೀಕ್ಷಿಸೋಣ. ವೈದ್ಯರು ಕಾಯಿಲೆ ಯಾವುದೆಂದು ತಿಳಿದ ಮೇಲೆ ತಾನೇ ಔಷಧ ಕೊಡುವುದು? ಕುರ್ಚಿಗೂ ಹಾಗೆಯೇ. ಬಣ್ಣ ಬಳಿಯುವುದು ಕೊನೆಯ ಕೆಲಸ.

ಕುಂಟುವುದು ಕುರ್ಚಿಯೋ, ನೆಲವೋ?

ಕುರ್ಚಿಯನ್ನು ಬೇರೆ ಬೇರೆ ಜಾಗಗಳಲ್ಲಿ ಇಟ್ಟು ನೋಡಿ. ಒಂದು ಕಡೆ ಕುಂಟಿ ಇನ್ನೊಂದು ಕಡೆ ನೆಟ್ಟಗೆ ನಿಂತರೆ ತಪ್ಪು ನೆಲದ್ದು! ಒಂದೇ ಸಾಲಿನಲ್ಲಿಲ್ಲದ ಯಾವುದೇ ಮೂರು ಬಿಂದುಗಳ ಮೂಲಕ ಒಂದು ಸಮತಲ ಹಾದುಹೋಗುತ್ತದೆ. ನಾಲ್ಕನೆಯ ಬಿಂದು ಅದೇ ಸಮತಲದಲ್ಲಿ ಇರಲೇಬೇಕೆಂದಿಲ್ಲ. ಅದಕ್ಕಾಗಿಯೇ ಮೂರು ಕಾಲಿನ ಸ್ಟೂಲು ಏರುಪೇರಾದ ನೆಲದ ಮೇಲೂ ಕುಂಟುವುದಿಲ್ಲ. ಎಲ್ಲಿ ಇಟ್ಟರೂ ಅದೇ ಕಾಲು ಮೇಲೇಳುತ್ತಿದ್ದರೆ ಆ ಕಾಲಿನ ಅಡಿಗೆ ಮರದ ಚಿಕ್ಕ ತುಂಡೊಂದನ್ನು ಅಂಟಿಸಿದರೆ ಸಾಕು.

ಕೀಲು ಸಡಿಲವಾಗುವುದೇಕೆ?

ಕಾಲುಗಳು ನೆಲದ ಮೇಲೆ ಸರಿಯಾಗಿ ಊರಿದ್ದರೂ ಕುರ್ಚಿ ಓಲಾಡುತ್ತಿದೆಯೇ? ಹಾಗಾದರೆ ಕೀಲು ಸಡಿಲವಾಗಿದೆ. ಮಳೆಗಾಲದಲ್ಲಿ ಮರದ ಬಾಗಿಲು ಬಿಗಿಯಾಗುವುದನ್ನು ನೀವು ಕಂಡಿದ್ದೀರಿ. ಮರದ ನಾರುಗಳು ಗಾಳಿಯಲ್ಲಿನ ತೇವವನ್ನು ಹೀರಿ ಉಬ್ಬುತ್ತವೆ, ಬೇಸಿಗೆಯಲ್ಲಿ ಒಣಗಿ ಕುಗ್ಗುತ್ತವೆ. ವಿಶೇಷವೆಂದರೆ ಈ ಬದಲಾವಣೆ ಎಲ್ಲ ದಿಕ್ಕಿನಲ್ಲೂ ಒಂದೇ ಸಮನಲ್ಲ. ಹಸಿ ಮರ ಪೂರ್ತಿ ಒಣಗಿದಾಗ ಉದ್ದದಲ್ಲಿ ಶೇಕಡ 0.1ರಿಂದ 0.2ರಷ್ಟು ಮಾತ್ರ ಕುಗ್ಗುತ್ತದೆ. ಅಡ್ಡಲಾಗಿ ಕುಗ್ಗುವುದು ಇದರ ಹತ್ತಾರು ಪಟ್ಟು ಹೆಚ್ಚು. ಕೀಲಿನಲ್ಲಿ ಒಂದು ಮರದ ಉದ್ದ ಇನ್ನೊಂದರ ಅಡ್ಡಕ್ಕೆ ಸೇರುವುದರಿಂದ ಎರಡೂ ಬೇರೆ ಬೇರೆಯಾಗಿ ಎಳೆದಾಡುತ್ತವೆ. ವರ್ಷ ವರ್ಷವೂ ಹೀಗೆ ನಡೆದು ಅಂಟು ಬಿಡುತ್ತದೆ.

ಮೊಳೆ ಹೊಡೆದರೆ ಮರ ಸೀಳಬಹುದು. ಕೀಲನ್ನು ಬಿಚ್ಚಿ, ಒಣಗಿದ ಹಳೆಯ ಅಂಟನ್ನು ತೆಗೆದು, ಹೊಸದಾಗಿ ಮರದ ಅಂಟು ಹಾಕಿ, ಹಗ್ಗದಿಂದ ಬಿಗಿದು ಒಂದು ದಿನ ಬಿಡಬೇಕು. ಸಂದು ದೊಡ್ಡದಿದ್ದರೆ ತೆಳುವಾದ ಬೆಣೆ ಸೇರಿಸಬೇಕು. ಇದನ್ನು ಹಿರಿಯರ ಜೊತೆಯಲ್ಲಿ ಮಾಡಿ.

ಮಾಡಿ ನೋಡಿ

ರಟ್ಟಿನ ನಾಲ್ಕು ಪಟ್ಟಿಗಳ ತುದಿಗಳಿಗೆ ತೂತು ಮಾಡಿ, ದಾರ ಕಟ್ಟಿ ಚೌಕ ಮಾಡಿ. ಮೂಲೆಯನ್ನು ಒತ್ತಿದರೆ ಅದು ವಾಲುತ್ತದೆ. ಈಗ ಮೂಲೆಯಿಂದ ಎದುರು ಮೂಲೆಗೆ ಐದನೆಯ ಪಟ್ಟಿಯನ್ನು ಕಟ್ಟಿ. ಚೌಕ ಗಟ್ಟಿಯಾಯಿತಲ್ಲವೇ? ಬಾಹುಗಳ ಉದ್ದ ಬದಲಾಗದೆ ತ್ರಿಕೋನದ ಆಕಾರ ಬದಲಾಗುವುದಿಲ್ಲ. ಕುರ್ಚಿಯ ಕಾಲಿಗೂ ಚೌಕಟ್ಟಿಗೂ ಓರೆಯಾಗಿ ಒಂದು ಪಟ್ಟಿ ಕೂಡಿಸಿದರೆ ಅದೂ ಹೀಗೆಯೇ ಗಟ್ಟಿಯಾಗುತ್ತದೆ.

ಒಳಗೆ ಯಾರಿದ್ದಾರೆ?

ಮರದಲ್ಲಿ ಸಣ್ಣ ತೂತುಗಳೂ ಕೆಳಗೆ ಹಿಟ್ಟಿನಂತಹ ಪುಡಿಯೂ ಕಂಡರೆ ಕುಟ್ಟೆ ಹಿಡಿದಿದೆ ಎನ್ನುತ್ತಾರೆ. ಒಂದು ಬಗೆಯ ಜೀರುಂಡೆಯ ಮರಿಹುಳುಗಳು ಒಳಗೇ ಮರ ತಿಂದು ಬೆಳೆಯುತ್ತವೆ. ಬೆಳೆದ ಜೀರುಂಡೆ ಹೊರಬಂದ ದಾರಿಯೇ ಆ ತೂತು. ಪುಡಿಯನ್ನು ಒರೆಸಿ, ಕುರ್ಚಿಯ ಕೆಳಗೆ ಕಪ್ಪು ಕಾಗದ ಹಾಸಿ ಕೆಲವು ವಾರ ಕಾಯಿರಿ. ಹೊಸ ಪುಡಿ ಉದುರಿದರೆ ಹುಳು ಇನ್ನೂ ಇರಬಹುದು. ಅಂತಹ ಕುರ್ಚಿಯನ್ನು ಬೇರೆ ಮರದ ಸಾಮಾನುಗಳಿಂದ ದೂರವಿಟ್ಟು ಬಡಗಿಗೆ ತೋರಿಸಿ.

ಹಳೆಯ ಬಣ್ಣ: ಎಚ್ಚರಿಕೆ!

ಇದು ಎಲ್ಲಕ್ಕಿಂತ ಮುಖ್ಯ. ಹಿಂದಿನ ಹಲವು ಬಣ್ಣಗಳಲ್ಲಿ ಸೀಸ ಇರುತ್ತಿತ್ತು. ಸೀಸ ಮಕ್ಕಳ ಮಿದುಳಿನ ಬೆಳವಣಿಗೆಗೆ ಹಾನಿ ಮಾಡುತ್ತದೆ. ನಮ್ಮ ದೇಶದಲ್ಲಿ 2017ರ ನವೆಂಬರ್‌ನಿಂದ ಮನೆಬಳಕೆಯ ಬಣ್ಣದ ಹತ್ತು ಲಕ್ಷ ಭಾಗದಲ್ಲಿ ಸೀಸ 90 ಭಾಗವನ್ನು ಮೀರಬಾರದೆಂಬ ನಿಯಮವಿದೆ. ಆದರೆ ನಿಮ್ಮ ಕುರ್ಚಿಯ ಬಣ್ಣ ಅದಕ್ಕೂ ಹಳೆಯದಾಗಿರಬಹುದು. ಬಣ್ಣ ನೋಡಿದರೆ ಸೀಸ ಇದೆಯೋ ಇಲ್ಲವೋ ತಿಳಿಯುವುದಿಲ್ಲ. ಆದ್ದರಿಂದ ಹಳೆಯ ಬಣ್ಣವನ್ನು ಕೆರೆಯಬೇಡಿ, ಉಪ್ಪು ಕಾಗದದಿಂದ ಉಜ್ಜಬೇಡಿ. ಆ ದೂಳು ಉಸಿರಿನ ಮೂಲಕವೂ ಕೈಯಿಂದ ಬಾಯಿಗೂ ಹೋಗುತ್ತದೆ. ಬಣ್ಣದ ಚಕ್ಕೆ ಏಳುತ್ತಿದ್ದರೆ ಪುಟ್ಟ ತಮ್ಮ ತಂಗಿಯರ ಕೈಗೆ ಸಿಗದಂತೆ ಇಟ್ಟು ಹಿರಿಯರಿಗೆ ತಿಳಿಸಿ. ಬಣ್ಣವನ್ನೇ ಕಾಣದ ಬರಿಯ ಮರವಾದರೆ ಮೂಗಿಗೆ ಬಟ್ಟೆ ಕಟ್ಟಿಕೊಂಡು, ಎಳೆಗಳ ಉದ್ದಕ್ಕೆ ಉಜ್ಜಿ. ಅಡ್ಡಲಾಗಿ ಉಜ್ಜಿದರೆ ಗೀರು ಬೀಳುತ್ತದೆ.

ಒಲೆಗೆ ಹಾಕಿದರೆ ಏನು?

ಬಣ್ಣದ ಮರವನ್ನು ಸುಟ್ಟರೆ ಸೀಸ ಹೊಗೆಯಲ್ಲೂ ಬೂದಿಯಲ್ಲೂ ಸೇರುತ್ತದೆ. ಇನ್ನೊಂದು ಲೆಕ್ಕವೂ ಇದೆ. ಒಣ ಮರದ ತೂಕದ ಸುಮಾರು ಅರ್ಧ ಇಂಗಾಲ. 5 ಕಿಲೋಗ್ರಾಂ ಕುರ್ಚಿಯಲ್ಲಿ ಸುಮಾರು 2.5 ಕಿಲೋಗ್ರಾಂ ಇಂಗಾಲವಿದೆ. ಅದು ಪೂರ್ತಿ ಉರಿದರೆ ಗಾಳಿಯ ಆಕ್ಸಿಜನ್ ಜೊತೆ ಸೇರಿ ಸುಮಾರು 9 ಕಿಲೋಗ್ರಾಂ ಕಾರ್ಬನ್ ಡೈಆಕ್ಸೈಡ್ ಆಗುತ್ತದೆ. ಕುರ್ಚಿಯಾಗಿ ಉಳಿದಷ್ಟು ಕಾಲ ಆ ಇಂಗಾಲ ಮರದಲ್ಲೇ ಇರುತ್ತದೆ.

ಈ ವಾರ ನಿಮ್ಮ ತರಗತಿಯ ಬೆಂಚು, ಸ್ಟೂಲುಗಳನ್ನು ಪರೀಕ್ಷಿಸಿ. ಕುಂಟುವುದು ಯಾವುದು, ಕೀಲು ಸಡಿಲವಾದದ್ದು ಯಾವುದು, ಕುಟ್ಟೆ ಹಿಡಿದದ್ದು ಯಾವುದು, ಬಣ್ಣ ಏಳುತ್ತಿರುವುದು ಯಾವುದು ಎಂದು ಪಟ್ಟಿ ಮಾಡಿ ನಿಮ್ಮ ಶಿಕ್ಷಕರಿಗೆ ಕೊಡಿ.